ಮೊಲ ಹುಲ್ಲು ಮೂಸಿ ಬಿಟ್ಟಿತೇ? ಕರಾವಳಿ ಮನೆಗಳಲ್ಲಿ ಒಣಹುಲ್ಲಿನ ದೋಷ ಹುಡುಕುವ ಬಗೆ

ಆಷಾಢದ ಒಂದು ಬೆಳಿಗ್ಗೆ ನಮ್ಮ ಮೊಲ ಬೆಳ್ಳಿ, ಹುಲ್ಲಿನ ಬುಟ್ಟಿಗೆ ಮೂಗು ತಾಗಿಸಿದಳು, ಎರಡು ಸಲ ಮೂಸಿದಳು, ಬೆನ್ನು ತಿರುಗಿಸಿ ಕೂತಳು. ಮೇ ತಿಂಗಳಲ್ಲಿ ಬುಟ್ಟಿಗೆ ಹಾಕುವ ಮೊದಲೇ ನನ್ನ ಕೈಯಿಂದ ಕಿತ್ತುಕೊಂಡು ತಿಂದಿದ್ದ ಅದೇ ಚೀಲದ ಹುಲ್ಲು ಅದು. ನಾನು ಕಳಿಸಿದವರನ್ನು ಬೈದುಕೊಂಡೆ, ಬೇರೆ ಕಡೆಯಿಂದ ಹೊಸ ಚೀಲ ತರಿಸಿದೆ. ಹದಿನೈದು ದಿನಕ್ಕೆ ಅದರದ್ದೂ ಅದೇ ಕಥೆ. ಕೊನೆಗೆ ಹೊಳೆದದ್ದು ಅಡುಗೆಮನೆಯಲ್ಲಿ. ಘಟ್ಟದ ಮೇಲಿಂದ ಬಂದ ಹಲಸಿನ ಹಪ್ಪಳ ಮುರಿದರೆ ಟಕ್ ಅನ್ನದೆ ಚರ್ಮದ ಹಾಗೆ ಬಾಗುತ್ತಿತ್ತು. ಹಪ್ಪಳವೇ ಮೆತ್ತಗಾಗುವ ಹವೆಯಲ್ಲಿ ಹುಲ್ಲು ಗರಿಗರಿ ಇರುತ್ತದೆಯೇ?

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲೂ, ಮೊಲದ ಹುಲ್ಲು ಹೆಚ್ಚಾಗಿ ಕೆಡುವುದು ಅಂಗಡಿಯಲ್ಲಲ್ಲ, ನಮ್ಮ ಮನೆ ಮೂಲೆಯಲ್ಲಿ. ಹಾಗಾಗಿ ಹೊಸ ಚೀಲಕ್ಕೆ ದುಡ್ಡು ಹಾಕುವ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳನ್ನು ಇಲ್ಲಿ ಬರೆದಿದ್ದೇನೆ. ಖರ್ಚಿಲ್ಲದವು ಮೊದಲು, ಶ್ರಮದವು ಆಮೇಲೆ.

ಎಲ್ಲಕ್ಕಿಂತ ಮೊದಲು ಗಡಿಯಾರ ನೋಡಿ

ಹುಲ್ಲಿನ ತನಿಖೆ ನಿಧಾನವಾಗಿ ನಡೆಯಬಹುದು. ಮೊಲದ ಹೊಟ್ಟೆ ಕಾಯುವುದಿಲ್ಲ. ಅದರ ಕರುಳು ನಾರಿನಿಂದಲೇ ಓಡುವುದು. ತಿನ್ನುವುದು ನಿಂತರೆ ಕರುಳೂ ನಿಲ್ಲುತ್ತದೆ, ಗ್ಯಾಸ್ ತುಂಬುತ್ತದೆ, ನೋವಾಗುತ್ತದೆ. ನೋವಾದರೆ ಇನ್ನೂ ತಿನ್ನುವುದಿಲ್ಲ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ.

10–12 ಗಂಟೆ ಏನೂ ತಿಂದಿಲ್ಲ, ಅಥವಾ ಹಿಕ್ಕೆ ಬಿದ್ದೇ ಇಲ್ಲ ಅಂದರೆ ಈ ಬರಹ ಬದಿಗಿಟ್ಟು ಪಶುವೈದ್ಯರ ಹತ್ತಿರ ಹೋಗಿ. ಬೆನ್ನು ಗೂನು ಮಾಡಿ ಮೂಲೆಯಲ್ಲಿ ಕೂರುವುದು, ಹಲ್ಲು ಕಟಕಟ ಕಡಿಯುವುದು, ಹೊಟ್ಟೆ ತಮಟೆಯ ಹಾಗೆ ಬಿಗಿಯುವುದು, ಕಿವಿ ತಣ್ಣಗಾಗುವುದು, ನೀರಿನಂಥ ಭೇದಿ, ಬಾಯಿ ತೆರೆದು ಉಸಿರಾಡುವುದು, ಇವುಗಳಲ್ಲಿ ಒಂದಿದ್ದರೂ ಗಂಟೆ ಎಣಿಸಬೇಡಿ. ಹೊಟ್ಟೆ ಬಿಗಿದಿರುವಾಗ ಸಿರಿಂಜಿನಲ್ಲಿ ಒತ್ತಾಯದಿಂದ ಏನನ್ನೂ ತಿನ್ನಿಸಬೇಡಿ.

ನಮ್ಮ ತಾಲೂಕಿನ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ದನ, ಎಮ್ಮೆ, ನಾಯಿ. ಆದ್ದರಿಂದ ಫೋನಿನಲ್ಲೇ ಮೊಲ ಅಂತ ಹೇಳಿ. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಮಾತ್ರೆಯನ್ನು ಪುಡಿ ಮಾಡಿ ಕುಡಿಸುವ ಸಾಹಸವಂತೂ ಬೇಡವೇ ಬೇಡ. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳೇ ಸತ್ತು ಪ್ರಾಣಕ್ಕೆ ಬರುತ್ತದೆ.

ಮೂಸುತ್ತದೆ, ತಿನ್ನುವುದಿಲ್ಲ

ಇಲ್ಲಿ ಉತ್ತರ ಬೇಕಾದ ಪ್ರಶ್ನೆ ಒಂದೇ: ತೊಂದರೆ ಹುಲ್ಲಿನಲ್ಲಿದೆಯೋ, ಮೊಲದಲ್ಲಿದೆಯೋ? ಅದಕ್ಕೆ ಒಂದು ಹಿಡಿ ಗರಿಕೆ ಸಾಕು. ಅಂಗಳದಲ್ಲಿ ಸಿಗದಿದ್ದರೆ ಪೇಟೆಯಲ್ಲಿ ಹೂವು ಮಾರುವವರ ಹತ್ತಿರ ಗಣಪತಿಗೆ ಅಂತ ಕಟ್ಟಿಟ್ಟದ್ದು ಇರುತ್ತದೆ. ತೊಳೆದು, ನೀರು ಕೊಡವಿ ಮುಂದಿಡಿ.

ಗರಿಕೆಗೆ ಹಾರಿ ಬಂದು ಬಾಯಿ ಹಾಕಿತು ಅಂದರೆ ಹಲ್ಲು, ಹೊಟ್ಟೆ ಸದ್ಯಕ್ಕೆ ಸರಿ ಇವೆ, ಅನುಮಾನ ಹುಲ್ಲಿನ ಮೇಲೆ. ಗರಿಕೆಯನ್ನೂ ಬಿಟ್ಟಿತು ಅಂದರೆ ಹುಲ್ಲನ್ನು ಬೈದು ಪ್ರಯೋಜನವಿಲ್ಲ. ಮೇಲೆ ಹೇಳಿದ ಗಡಿಯಾರ ಶುರು. ಬಾಯಿಗೆ ತೆಗೆದುಕೊಂಡು, ಎರಡು ಸಲ ಅಗಿದು, ಉದುರಿಸಿತು ಅಂದರೆ ಹಲ್ಲಿನ ಕಡೆ ಗಮನ ಕೊಡಿ. ಅದು ಮುಂದೆ ಬರುತ್ತದೆ.

ಅನುಮಾನ ಹುಲ್ಲಿನ ಮೇಲೇ ಬಂದರೂ ಇನ್ನೆರಡು ಸಣ್ಣ ವಿಷಯ ನೋಡಿಬಿಡಿ. ಒಂದು, ಬುಟ್ಟಿ. ಅಡಿಯ ಹುಲ್ಲು ಉಚ್ಚೆಯಲ್ಲಿ ನೆನೆದಿದ್ದರೆ ಮೇಲಿನದ್ದೂ ಅದೇ ವಾಸನೆ ಹಿಡಿಯುತ್ತದೆ. ಪೂರ್ತಿ ಖಾಲಿ ಮಾಡಿ, ಒರೆಸಿ ಒಣಗಿಸಿ, ಅದೇ ಚೀಲದಿಂದ ಹೊಸದಾಗಿ ತುಂಬಿಸಿ. ಎರಡು, ಉಳಿದ ತಿಂಡಿ. 2 ಕೆ.ಜಿ. ತೂಗುವ ದೊಡ್ಡ ಮೊಲಕ್ಕೆ ದಿನಕ್ಕೆ 20–25 ಗ್ರಾಂ ಪೆಲ್ಲೆಟ್ (ಅಂಗಡಿಯ ಗುಳಿಗೆಯಂಥ ತಿಂಡಿ) ಸಾಕು. ಮಕ್ಕಳು ಬಿಸ್ಕತ್ತು, ಅವಲಕ್ಕಿ, ಬಾಳೆಹಣ್ಣು ಕೊಡುತ್ತಿದ್ದರೆ ಅದು ಹುಲ್ಲನ್ನು ಯಾಕೆ ಮುಟ್ಟುತ್ತದೆ? ಹೊಟ್ಟೆಯ ಐದರಲ್ಲಿ ನಾಲ್ಕು ಪಾಲು ಹುಲ್ಲಿಗೇ ಇರಬೇಕು.

ಏಪ್ರಿಲ್-ಮೇ ತಿಂಗಳಲ್ಲಾದರೆ ಸೆಖೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. 30 ಡಿಗ್ರಿ ದಾಟಿದ ಮೇಲೆ ಮೊಲಕ್ಕೆ ಕಷ್ಟ. ಕರಾವಳಿಯ ಬೆವರುವ ಸೆಖೆಯಲ್ಲಿ ಹಗಲು ತಿನ್ನುವುದು ಕಡಿಮೆಯಾಗಿ, ರಾತ್ರಿ ತಂಪಾದ ಮೇಲೆ ಬುಟ್ಟಿ ಖಾಲಿಯಾಗುತ್ತದೆ. ಬೆಳಿಗ್ಗೆ ಬುಟ್ಟಿ ಖಾಲಿ ಇದ್ದರೆ ಹುಲ್ಲಿನ ತಪ್ಪಿಲ್ಲ.

ಹುಲ್ಲು ಮೆತ್ತಗಿದೆ, ಮುಗ್ಗಲು ವಾಸನೆ ಬರುತ್ತಿದೆ

ನಮ್ಮ ಕಡೆಯ ಮುಖ್ಯ ದೋಷ ಇದೇ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಮೊದಲು ಮೂಗು. ಚೀಲದ ಬಾಯಿ ಬಿಚ್ಚಿದ ತಕ್ಷಣದ ವಾಸನೆ ನಂಬಬೇಡಿ, ಕಟ್ಟಿಟ್ಟ ಗಾಳಿ ಯಾವಾಗಲೂ ಸ್ವಲ್ಪ ಮಂಕು. ನಡುವಿನಿಂದ ಒಂದು ಹಿಡಿ ತೆಗೆದು, ಕೊಡವಿ, ಐದು ನಿಮಿಷ ಬಿಟ್ಟು ಮೂಸಿ. ಒಳ್ಳೆಯ ಹುಲ್ಲಿಗೆ ಚಹಾಪುಡಿಯ ಡಬ್ಬಿಯಂಥ, ಸ್ವಲ್ಪ ಸಿಹಿಯಾದ ವಾಸನೆ ಇರುತ್ತದೆ. ಏನೂ ವಾಸನೆ ಇಲ್ಲದಿದ್ದರೆ ಹಳೆಯದು, ಸಾರ ಕಡಿಮೆ, ಆದರೆ ಅಪಾಯವಿಲ್ಲ. ಮಳೆಗಾಲದಲ್ಲಿ ಬೀರುವಿನ ಬಟ್ಟೆಗೆ ಬರುತ್ತದಲ್ಲ, ಆ ಮುಗ್ಗಲು ಬಂದರೆ ಕಣ್ಣಿಗೆ ಬೂಸ್ಟು ಕಾಣದಿದ್ದರೂ ಅದು ಒಳಗೆ ಶುರುವಾಗಿದೆ. ಅಂಥ ಹುಲ್ಲು ಬೇಡ.

ಆಮೇಲೆ ಕೈ. ಹೆಬ್ಬೆರಳು ದಪ್ಪದ ಒಂದು ಜುಟ್ಟು ಹಿಡಿದು ಬಟ್ಟೆ ಹಿಂಡುವ ಹಾಗೆ ಎರಡು-ಮೂರು ಸುತ್ತು ತಿರುಚಿ. ಕಡ್ಡಿಗಳು ಚಟಚಟ ಮುರಿದರೆ ಒಣಗಿದೆ. ಹಗ್ಗದ ಹಾಗೆ ಬಾಗಿ, ಬಿಟ್ಟಾಗ ಮೆಲ್ಲಗೆ ಬಿಚ್ಚಿಕೊಂಡರೆ ತೇವ ಕುಡಿದಿದೆ. ಎಲೆಯನ್ನಲ್ಲ, ಕಡ್ಡಿಯ ಗೆಣ್ಣನ್ನು ನೋಡಿ. ಕೊನೆಗೆ ಒಣಗುವುದು ಅದೇ. ಉಗುರಿನಿಂದ ಒತ್ತಿದರೆ ಗೆಣ್ಣು ಪುಡಿಯಾಗಬೇಕು, ತಗ್ಗು ಬೀಳಬಾರದು.

ಮೂಗು, ಕೈ ಎರಡೂ ಗೊಂದಲ ಮಾಡಿದರೆ ಉಪ್ಪಿನ ಪರೀಕ್ಷೆ. ಒಂದು ಲೀಟರಿನ ಗಾಜಿನ ಭರಣಿಯನ್ನು ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ. ಎರಡು ಚಮಚ ಪುಡಿ ಉಪ್ಪನ್ನು ಬಾಣಲೆಯಲ್ಲಿ ಹುರಿದು ಆರಿಸಿ. ಸಾಣಿಕಟ್ಟೆಯ ಹರಳುಪ್ಪು ಉಪ್ಪಿನಕಾಯಿಗೆ ಚಂದ, ಇಲ್ಲಿಗೆ ಬೇಡ. ಸಮುದ್ರದ ಹರಳುಪ್ಪಿನಲ್ಲಿ ಮೆಗ್ನೀಸಿಯಂ ಅಂಶ ಇರುವುದರಿಂದ ಅದು ಬೇಗ ನೀರೊಡೆದು ಸುಳ್ಳು ಸಾಕ್ಷಿ ಹೇಳುತ್ತದೆ. ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಿ ಭರಣಿಯ ಅರ್ಧ ತುಂಬಿಸಿ, ಉಪ್ಪು ಹಾಕಿ, ಮುಚ್ಚಿ, ಎರಡು ನಿಮಿಷ ಚೆನ್ನಾಗಿ ಕುಲುಕಿ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಕುಲುಕಿ. ಉಪ್ಪು ಮರಳಿನ ಹಾಗೆ ಸಳಸಳ ಓಡಾಡಿದರೆ ಹುಲ್ಲಿನ ತೇವ ಶೇ. 15ರ ಕೆಳಗಿದೆ. ಗಾಜಿಗೆ ಅಂಟಿದರೆ, ಗಂಟು ಕಟ್ಟಿದರೆ ಅದಕ್ಕಿಂತ ಮೇಲೆ. ಅಡುಗೆ ಉಪ್ಪು ನೀರು ಎಳೆಯಲು ಶುರು ಮಾಡುವುದು ಗಾಳಿಯ ತೇವಾಂಶ ಶೇ. 75ರ ಆಸುಪಾಸಿಗೆ ಬಂದಾಗ. ಬೂಸ್ಟು ಬೇರೂರುವುದೂ ಹೆಚ್ಚುಕಡಿಮೆ ಅದೇ ಹದದಲ್ಲಿ. ಅದಕ್ಕೇ ಈ ಬಡವರ ಮೀಟರ್ ನನಗೆ ಇಷ್ಟ.

ಸಂಖ್ಯೆಯೇ ಬೇಕು ಅನ್ನುವವರು ತೂಕದ ಪರೀಕ್ಷೆ ಮಾಡಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 50 ಗ್ರಾಂ ಹುಲ್ಲು ತೂಗಿ. ಮೈಕ್ರೊವೇವ್‌ನ ಒಂದು ಮೂಲೆಯಲ್ಲಿ ಒಂದು ಲೋಟ ನೀರಿಟ್ಟು, ಹುಲ್ಲನ್ನು ಹರಡಿ, ಒಂದೊಂದು ನಿಮಿಷ ಓಡಿಸಿ ತೂಗುತ್ತಾ ಹೋಗಿ. ಎದುರಿಗೇ ನಿಂತಿರಿ. ಹುಲ್ಲು ಹೊತ್ತಿಕೊಳ್ಳುವ ವಸ್ತು ಅನ್ನುವುದು ಮರೆಯಬೇಡಿ, ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ತೂಕ ಇಳಿಯುವುದು ನಿಂತಾಗ 44 ಗ್ರಾಂ ಇದ್ದರೆ ಹೋದದ್ದು 6 ಗ್ರಾಂ ನೀರು, ಅಂದರೆ ಶೇ. 12. ಇದು ಒಳ್ಳೆಯ ಹುಲ್ಲು. ಶೇ. 15ರಿಂದ 18ರ ನಡುವೆ ಇದ್ದರೆ ಇವತ್ತೇ ಒಣಗಿಸಬೇಕು. ಅದಕ್ಕೂ ಮೇಲೆ ಹೋದರೆ ಬೂಸ್ಟು ಬಂದೇ ಬರುತ್ತದೆ. ಆ ಜುಲೈನಲ್ಲಿ ನನ್ನ 50 ಗ್ರಾಂ 40ಕ್ಕೆ ಇಳಿದಿತ್ತು. ಐದರಲ್ಲಿ ಒಂದು ಪಾಲು ನೀರು! ನಾನು ಹುಲ್ಲಿನ ದರದಲ್ಲಿ ಕಾರವಾರದ ಮಳೆಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ.

ತೇವ ಇದೆ ಆದರೆ ಮುಗ್ಗಲು ಇಲ್ಲ, ಚುಕ್ಕೆ ಇಲ್ಲ ಅಂದರೆ ಉಳಿಸಬಹುದು. ಹೊಳವಾದ ದಿನ ಅಡಿಕೆ ಒಣಗಿಸುವ ಹಾಗೆ ತೆಳ್ಳಗೆ ಹರಡಿ, ಮಧ್ಯಾಹ್ನ ಒಮ್ಮೆ ತಿರುವಿ. ಜಡಿಮಳೆಯ ದಿನ ಫ್ಯಾನ್ ಕೆಳಗೆ ಹಾಕಿ ಫಲವಿಲ್ಲ, ಆ ಫ್ಯಾನ್ ತಿರುಗಿಸುವುದೂ ಅದೇ ಒದ್ದೆ ಗಾಳಿಯನ್ನೇ ತಾನೇ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಒಣಗುತ್ತದೆ ನಿಜ, ಆದರೆ ಹೊಗೆ ವಾಸನೆ ಹಿಡಿದ ಹುಲ್ಲನ್ನು ನಮ್ಮ ಬೆಳ್ಳಿ ಮುಟ್ಟಲಿಲ್ಲ. ಬೆಂಕಿಯ ಭಯವೂ ಇದೆ.

ಬೂಸ್ಟು ಬಂದ ಹುಲ್ಲಿಗೆ ಮಾತ್ರ ರಿಪೇರಿ ಇಲ್ಲ. ಬಿಳಿ ಜೇಡರಬಲೆಯಂಥ ಎಳೆ, ಬೂದು-ಹಸಿರು ಪುಡಿ, ಕಪ್ಪು ಚುಕ್ಕೆ, ಒಂದಕ್ಕೊಂದು ಅಂಟಿಕೊಂಡ ಕಡ್ಡಿಗಳು, ಯಾವುದು ಕಂಡರೂ ಇಡೀ ಚೀಲ ಹೊರಗೆ. ಬಿಸಿಲಿಗಿಟ್ಟರೆ ಬೂಸ್ಟು ಒಣಗುತ್ತದೆ, ಅದು ಬಿಟ್ಟುಹೋದ ವಿಷ ಒಣಗುವುದಿಲ್ಲ. ಅಫ್ಲಾಟಾಕ್ಸಿನ್ ಅನ್ನುವ ಶಿಲೀಂಧ್ರ ವಿಷ ಬಿಸಿಲಿಗಿಟ್ಟರೂ ಪೂರ್ತಿ ಹೋಗದು, ಕುದಿಸಿದರೂ ಜಗ್ಗದು. ಅದು ಹಾಳು ಮಾಡುವುದು ಲಿವರನ್ನು, ಮೊಲಗಳಿಗೆ ಅದನ್ನು ತಾಳುವ ಶಕ್ತಿ ತೀರಾ ಕಡಿಮೆ. ಕೆಟ್ಟ ಭಾಗ ಕಿತ್ತೆಸೆದು ಉಳಿದದ್ದು ಕೊಡುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಇನ್ನು ಇಡುವ ಬಗೆ. ಹುಲ್ಲಿಗೆ ಗಾಳಿಯಾಡಬೇಕು, ಗೋಣಿಚೀಲದಲ್ಲಿಡಿ ಅಂತ ಎಲ್ಲರೂ ಹೇಳುತ್ತಾರೆ. ಬಯಲುಸೀಮೆಗೆ ಅದು ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯೇ ಕಳ್ಳ. ತೇವಾಂಶ ಶೇ. 85–90 ಇರುವಾಗ ಗೋಣಿಯಲ್ಲಿಟ್ಟ ಒಣಹುಲ್ಲು ಹನಿ ನೀರು ತಾಗದೆಯೂ ತೇವ ಎಳೆದುಕೊಳ್ಳುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಗೋಣಿ, ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡ್ರಮ್ಮು. ಮೃಗಶಿರಾ ಮಳೆ ಹಿಡಿಯುವ ಮೊದಲು ಹುಲ್ಲನ್ನು ಒಂದು ದಿನ ಕಟುಬಿಸಿಲಿಗೆ ಹಾಕಿ, ನೆರಳಲ್ಲಿ ಪೂರ್ತಿ ಆರಿಸಿ, ಆಮೇಲೆ ತುಂಬಿಸಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೇ ಬೆವರುತ್ತದೆ. ಎರಡು ದಿನ ಬಿಟ್ಟು ಮುಚ್ಚಳ ತೆಗೆದು ಅದರ ಒಳಮೈ ಸವರಿ ನೋಡಿ. ಹನಿ ಸಿಕ್ಕಿದರೆ ಹುಲ್ಲು ಒಣಗಿರಲಿಲ್ಲ, ತೆಗೆದು ಮತ್ತೆ ಹರಡಿ. 2 ಕೆ.ಜಿ. ಮೊಲಕ್ಕೆ ಚೆಲ್ಲಿದ್ದೂ ಸೇರಿ ದಿನಕ್ಕೆ 70–100 ಗ್ರಾಂ ಬೇಕಾಗುತ್ತದೆ, ನಾಲ್ಕು ತಿಂಗಳಿಗೆ ಹತ್ತಿರ ಹತ್ತಿರ 10 ಕೆ.ಜಿ. ಒಂದು ದೊಡ್ಡ ಡ್ರಮ್ಮಿಗಿಂತ ಮೂರು ಸಣ್ಣವು ಒಳ್ಳೆಯದು. ದಿನಾ ತೆರೆಯುವುದು ಒಂದನ್ನು ಮಾತ್ರ, ಅಲ್ವಾ?

ಹಸಿರು ಹೋಗಿ ಹಳದಿಯಾಗಿದೆ, ಕಂದಾಗಿದೆ

ಬಣ್ಣ ಕಂಡು ಹೆದರುವವರು ಜಾಸ್ತಿ, ಬಣ್ಣಕ್ಕೆ ಮೋಸ ಹೋಗುವವರು ಇನ್ನೂ ಜಾಸ್ತಿ. ಹೊರಮೈ ಹಳದಿ, ಕಟ್ಟು ಬಿಚ್ಚಿದರೆ ಒಳಗೆ ಹಸಿರು ಅಂದರೆ ಬರೀ ಬಿಸಿಲು ಬಡಿದದ್ದು. ಕೊಡಬಹುದು. ಒಳಗೂ ಹೊರಗೂ ಒಣಹಳದಿ, ಕಡ್ಡಿ ದಪ್ಪ, ತೆನೆ ಉದುರಿದೆ ಅಂದರೆ ಬಲಿತ ಮೇಲೆ ಕೊಯ್ದದ್ದು. ನಾರು ಇದೆ, ರುಚಿಯಿಲ್ಲ. ಕಡುಕಂದು ಬಣ್ಣದ ಜೊತೆ ಸುಟ್ಟ ಬೆಲ್ಲದ, ಹೊಗೆಸೊಪ್ಪಿನ ವಾಸನೆ ಬಂದರೆ ಹಸಿ ಇರುವಾಗಲೇ ಕಟ್ಟಿ ಒಳಗೊಳಗೇ ಕಾದ ಹುಲ್ಲು. ಬೇಡ. ಇನ್ನು ಗಿಳಿಹಸಿರು ಬಣ್ಣವಿದ್ದೂ ಮುಗ್ಗಲು ಬಂದರೆ ಮೂಗನ್ನೇ ನಂಬಿ.

ತಿನ್ನುವಾಗ ಸೀನುತ್ತದೆ

ಕಿಟಕಿಯಿಂದ ಬಿಸಿಲುಕೋಲು ಬೀಳುವ ಕಡೆ ಒಂದು ಕಪ್ಪು ಬಟ್ಟೆ ಹಾಸಿ, ಒಂದು ಹಿಡಿ ಹುಲ್ಲು ಹಿಡಿದು ಕೊಡವಿ. ಅದಕ್ಕೂ ಮೊದಲು ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಬೂಸ್ಟಿನ ಧೂಳು ನಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ, ಆಸ್ತಮಾ ಇರುವವರು ಈ ಕೆಲಸ ಬೇರೆಯವರಿಗೆ ಬಿಡಿ.

ಬಟ್ಟೆಯ ಮೇಲೆ ಬಿದ್ದದ್ದು ಹಸಿರು-ಹಳದಿ ಎಲೆಪುಡಿಯಾದರೆ ಚೀಲದ ತಳದ ಹುಲ್ಲು, ಅಷ್ಟೇ. ಜರಡಿ ಹಿಡಿದು ಕೊಡಿ. ಕೆಂಪು ಪುಡಿಯಾದರೆ ನಮ್ಮ ಚಿರೇಕಲ್ಲಿನ ಮಣ್ಣು, ನೆಲಕ್ಕೆ ಹಾಕಿ ಒಣಗಿಸಿದ ಊರಿನ ಹುಲ್ಲಿನಲ್ಲಿ ಮಾಮೂಲು. ಒಂದು ಹಿಡಿಯನ್ನು ನೀರಿನ ಲೋಟದಲ್ಲಿ ಅದ್ದಿದರೆ ನೀರು ಕೆಂಪಾಗಿ ಗುಟ್ಟು ಹೇಳುತ್ತದೆ. ಕೊಡುವ ಹೊತ್ತಿಗೆ ಚೆನ್ನಾಗಿ ಕೊಡವಿ, ಬೇಕಾದರೆ ನೀರು ಚಿಮುಕಿಸಿ, ಚಿಮುಕಿಸಿದ್ದನ್ನು ಎರಡು-ಮೂರು ತಾಸಿನೊಳಗೆ ಮುಗಿಸಿ, ಉಳಿದರೆ ಎಸೆಯಿರಿ. ಬೂದುಬಣ್ಣದ ನಯವಾದ ಪುಡಿ ಹೊಗೆಯ ಹಾಗೆ ಮೇಲೆದ್ದರೆ ಅದು ಬೂಸ್ಟು.

ಹುಲ್ಲಿನ ಹತ್ತಿರ ಮಾತ್ರ ಸೀನಿದರೆ ಧೂಳು. ಹುಲ್ಲು ತೆಗೆದ ಮೇಲೂ ಸೀನುತ್ತಿದೆ, ಮೂಗಿನಿಂದ ಬಿಳಿ ಅಂಟು ಬರುತ್ತಿದೆ, ಮೂಗು ಒರೆಸಿ ಒರೆಸಿ ಮುಂಗಾಲಿನ ಒಳಬದಿಯ ಕೂದಲು ಗಂಟು ಕಟ್ಟಿದೆ ಅಂದರೆ ಅದು ಸೋಂಕು. ವೈದ್ಯರಿಗೆ ತೋರಿಸಿ.

ಎಲೆ ತಿಂದು ಕಡ್ಡಿ ಬಿಡುತ್ತದೆ

ಸ್ವಲ್ಪ ಬಿಡುವುದು ಸಹಜ, ಅದು ಮೊಲದ ಜಾಣತನ. ಅರ್ಧಕ್ಕಿಂತ ಹೆಚ್ಚು ಉಳಿದರೆ ಹುಲ್ಲಿನ ಜಾತಿಯನ್ನೂ ಕೊಯ್ಲನ್ನೂ ನೋಡಬೇಕು.

ಪೊಟ್ಟಣದಲ್ಲಿ ಬರುವ ತಿಮೋಥಿ ತಂಪು ದೇಶದ ಹುಲ್ಲು, ನಮ್ಮ ಕರಾವಳಿಯಲ್ಲಿ ಬೆಳೆಯದು. ಪಾರ್ಸೆಲ್ ಖರ್ಚು ನೋಡಿ ಊರಿನ ಹುಲ್ಲಿಗೆ ಇಳಿಯುವವರು ಸಾಮಾನ್ಯವಾಗಿ ಬಿಳಿಹುಲ್ಲಿನಿಂದ ಶುರು ಮಾಡುತ್ತಾರೆ. ಬಿಳಿಹುಲ್ಲು, ಅಂದರೆ ಭತ್ತದ ಹುಲ್ಲು, ಕಾಳು ಬಿಟ್ಟುಕೊಟ್ಟ ಮೇಲೆ ಉಳಿದ ದಂಟು. ಅದರಲ್ಲಿ ಪ್ರೋಟೀನು ಶೇ. 3–4ರ ಆಸುಪಾಸು, ಮೇಲಿಂದ ಸಿಲಿಕಾ ಜಾಸ್ತಿ. ದನ ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಅದನ್ನು ದಕ್ಕಿಸಿಕೊಳ್ಳುತ್ತದೆ, ಮೊಲಕ್ಕೆ ಅದೊಂದೇ ಸಾಲದು. ಗೂಡಿಗೆ ಹಾಸಲು ಚೆನ್ನಾಗಿರುತ್ತದೆ. ಹಾಸಿದ್ದನ್ನು ಅಲ್ಲೊಂದು ಇಲ್ಲೊಂದು ಕಡಿದರೆ ತಲೆ ಕೆಡಿಸಿಕೊಳ್ಳಬೇಡಿ.

ಶಿರಸಿ, ಸಿದ್ದಾಪುರದ ಬೇಣದ (ಹುಲ್ಲುಗಾವಲಿನ) ಕರಡ, ಅಂದರೆ ಬೆಟ್ಟದ ಒಣಹುಲ್ಲು, ಇದಕ್ಕಿಂತ ಎಷ್ಟೋ ಮೇಲು, ಕೊಯ್ದ ಹೊತ್ತು ಸರಿಯಾಗಿದ್ದರೆ. ಹೂ ತೆನೆ ಹೊರಡುವ ಹೊತ್ತಿನಲ್ಲಿ ಕೊಯ್ದದ್ದರಲ್ಲಿ ಎಲೆ ಹೆಚ್ಚು, ಮೊಲ ಖುಷಿಯಿಂದ ತಿನ್ನುತ್ತದೆ. ಬೀಜ ಉದುರಿ ಬೆಟ್ಟವೆಲ್ಲ ಹೊಂಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದದ್ದು ಬರೀ ಕಡ್ಡಿ. ಒಂದು ಹಿಡಿ ಹುಲ್ಲನ್ನು ಪೇಪರಿನ ಮೇಲೆ ಹರಡಿ ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ ಬೇರ್ಪಡಿಸಿ ನೋಡಿ. ಎರಡೂ ರಾಶಿ ಹೆಚ್ಚುಕಡಿಮೆ ಸಮ ಬಂದರೆ ಒಳ್ಳೆಯದು. ಹಾಗೆ ಬೇರ್ಪಡಿಸುವಾಗಲೇ ಬೇಡದ ಗಿಡವೂ ಸಿಗುತ್ತದೆ: ಮುಟ್ಟಿದರೆ ಮುನಿಯ ಮುಳ್ಳು, ಲಂಟಾನದ ಎಲೆ, ಪಾರ್ಥೇನಿಯಂ, ಕಮ್ಯುನಿಸ್ಟ್ ಗಿಡದ ತುಂಡು. ಒಂದೆರಡು ಸಿಕ್ಕರೆ ಹೆಕ್ಕಿ ತೆಗೆಯಬಹುದು, ಪ್ರತಿ ಹಿಡಿಯಲ್ಲೂ ಸಿಕ್ಕರೆ ಆ ಕಟ್ಟು ವಾಪಸ್.

ಹೈನುಗಾರರ ಹತ್ತಿರ ನೇಪಿಯರ್, ಗಿನಿ ಹುಲ್ಲು ಸಿಗುತ್ತದೆ. ದಂಟು ಬಲಿಯುವ ಮೊದಲು ಕೊಯ್ದು, ಸಣ್ಣಗೆ ಸೀಳಿ ಒಣಗಿಸಿದರೆ ನಡೆಯುತ್ತದೆ. ನೇಪಿಯರ್ ದಂಟಿನ ಒಳಗೆ ತೇವ ಉಳಿದು ಮೋಸ ಮಾಡುತ್ತದೆ, ಗೆಣ್ಣು ಒಡೆದು ನೋಡದೆ ಡ್ರಮ್ಮಿಗೆ ಹಾಕಬೇಡಿ.

ಯಾವ ಹುಲ್ಲಿಗೆ ಬದಲಿಸಿದರೂ ಒಂದೇ ದಿನಕ್ಕೆ ಬೇಡ. ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ 7–10 ದಿನ ತೆಗೆದುಕೊಳ್ಳಿ.

ಜೊಲ್ಲು ಸುರಿಸುತ್ತದೆ, ಗಲ್ಲ ಒದ್ದೆ, ಒಂದು ಕಣ್ಣು ಮುಚ್ಚಿದೆ

ಬೇಣದಲ್ಲಿ ನಡೆದು ಬಂದರೆ ಪಂಚೆಗೆ, ಸೀರೆಗೆ ಚುಚ್ಚಿಕೊಂಡು ಬರುವ ಸೂಜಿಹುಲ್ಲಿನ ಬೀಜ ಗೊತ್ತಲ್ಲ. ಅದೇ ಬೀಜ ಮೊಲದ ತುಟಿ, ನಾಲಿಗೆ, ರೆಪ್ಪೆಗೂ ಚುಚ್ಚುತ್ತದೆ. ಅದರ ತುದಿ ಒಂದೇ ದಿಕ್ಕಿಗೆ ಸರಿಯುವ ಕೊಕ್ಕೆ, ಒಳಗೆ ಹೋದದ್ದು ತಾನಾಗಿ ಹೊರಗೆ ಬರುವುದಿಲ್ಲ. ಊರಿನ ಹುಲ್ಲು ತಂದಾಗ ಒಂದು ಹಳೇ ಉಲ್ಲನ್ ಬಟ್ಟೆಯನ್ನು ಅದರ ಮೇಲೆ ಎಳೆದು ನೋಡಿ, ಬೀಜ ಇದ್ದರೆ ಕಚ್ಚಿಕೊಂಡು ಬರುತ್ತದೆ. ಹಾಗೆ ಬಂದ ಹುಲ್ಲು ಮೊಲಕ್ಕೆ ಬೇಡ.

ಬೀಜ ಇಲ್ಲ, ಆದರೂ ಜೊಲ್ಲು ಇದೆ ಅಂದರೆ ಹಲ್ಲು. ಮೊಲದ ಮುಂದಿನ ಹಲ್ಲು ವಾರಕ್ಕೆ 2–3 ಮಿ.ಮೀ. ಬೆಳೆಯುತ್ತಲೇ ಇರುತ್ತದೆ. ಹುಲ್ಲು ಅರೆದಷ್ಟೂ ಸವೆಯುತ್ತದೆ. ತಿಂಗಳುಗಟ್ಟಲೆ ಪೆಲ್ಲೆಟ್ ಮೇಲೆ ಬೆಳೆದ ಮೊಲದ ದವಡೆ ಹಲ್ಲಿಗೆ ಮುಳ್ಳಿನಂಥ ಅಂಚು ಬಂದು ನಾಲಿಗೆ ಕೊಯ್ಯುತ್ತದೆ. ಅದು ಮನೆಯಲ್ಲಿ ಕಾಣುವ ಜಾಗದಲ್ಲೂ ಇಲ್ಲ. ಉಗುರು ಕತ್ತರಿಸುವ ಕಟ್ಟರಿನಲ್ಲಿ ಹಲ್ಲು ಕತ್ತರಿಸಿದರೆ ಉದ್ದಕ್ಕೆ ಸೀಳುತ್ತದೆ. ಕಣ್ಣು ಮುಚ್ಚಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಹಿಕ್ಕೆ ಬದಲಾಗಿದೆ

ಒಂದು ಹಿಕ್ಕೆ ತೆಗೆದು ಬೆರಳಿನಲ್ಲಿ ಒಡೆಯಿರಿ. ಅಸಹ್ಯ ಏನಿಲ್ಲ, ಒಣಗಿದ ಹುಲ್ಲುಪುಡಿ ಅಷ್ಟೇ, ಆಮೇಲೆ ಕೈ ತೊಳೆದರಾಯಿತು. ದುಂಡಗೆ, ಕಡಲೆಕಾಳಿನ ಗಾತ್ರ, ಒಡೆದರೆ ಒಳಗೆ ಹೊಟ್ಟಿನಂಥ ನಾರು ಕಂಡರೆ ಹುಲ್ಲು ಸರಿಯಾಗಿ ಒಳಗೆ ಹೋಗುತ್ತಿದೆ. ಸಣ್ಣದಾಗಿ, ಕಪ್ಪಾಗಿ, ಕಲ್ಲಿನ ಹಾಗಾದರೆ ಹುಲ್ಲೋ ನೀರೋ ಕಡಿಮೆಯಾಗಿದೆ. ಮಣಿಸರದ ಹಾಗೆ ಕೂದಲಿನಲ್ಲಿ ಪೋಣಿಸಿಕೊಂಡಿದ್ದರೆ ರೋಮ ಉದುರುವ ಕಾಲ, ಬಾಚಿ, ಹುಲ್ಲು ಹೆಚ್ಚಿಸಿ.

ದ್ರಾಕ್ಷಿಗೊಂಚಲಿನಂಥ ಮೆತ್ತನೆ ಹಿಕ್ಕೆಯನ್ನು ಮೊಲ ತಾನೇ ಬಾಯಿ ಹಾಕಿ ತಿನ್ನುತ್ತದೆ. ಅದು ರೋಗವಲ್ಲ, ಅದರ ಎರಡನೇ ಊಟ. ಅದು ತಿನ್ನದೆ ಉಳಿದು ಬಾಲದ ಬುಡಕ್ಕೆ ಮೆತ್ತಿಕೊಂಡರೆ ಆಹಾರ ತೀರಾ ಪುಷ್ಟಿಯಾಗಿದೆ. ಪೊಟ್ಟಣದ ಮೇಲೆ ಅಲ್ಫಾಲ್ಫಾ ಅಂತ ಬರೆದಿದೆಯಾ ನೋಡಿ. ಅದು ಕುದುರೆ ಮಸಾಲೆ ಸೊಪ್ಪು, ದ್ವಿದಳ ಜಾತಿ. ಆರು ತಿಂಗಳೊಳಗಿನ ಮರಿಗೆ ಒಳ್ಳೆಯದು, ದೊಡ್ಡ ಮೊಲಕ್ಕೆ ಪ್ರೋಟೀನು, ಸುಣ್ಣದಂಶ ಎರಡೂ ಜಾಸ್ತಿ. ಹೆಚ್ಚಿನ ಸುಣ್ಣ ಉಚ್ಚೆಯಲ್ಲೇ ಹೋಗುವುದರಿಂದ ಮಜ್ಜಿಗೆಯಂತೆ ದಪ್ಪ ಬಿಳಿ ಉಚ್ಚೆ ಬರುತ್ತದೆ. ತಿಣುಕಿ ಉಚ್ಚೆ ಹೊಯ್ದರೆ ವೈದ್ಯರು ಬೇಕು. ಕೆಂಪು-ಕಿತ್ತಳೆ ಉಚ್ಚೆ ಸೊಪ್ಪಿನ ಬಣ್ಣದಿಂದಲೂ ಬರುತ್ತದೆ, ಎರಡು ದಿನ ಬಿಟ್ಟೂ ಹಾಗೇ ಇದ್ದರೆ ತೋರಿಸಿ.

ಮಳೆಗಾಲದಲ್ಲಿ ಹಿಂಭಾಗ ಒದ್ದೆ ಇದ್ದರೆ ನೊಣ ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳವಾಗುತ್ತದೆ. ದಿನಕ್ಕೆರಡು ಸಲ ಬಾಲ ಎತ್ತಿ ನೋಡಿ. ಹುಳ ಕಂಡರೆ ತುರ್ತು.

ಹುಲ್ಲಲ್ಲಿ ಹುಳ, ಇಲಿ, ಉಣುಗು

ಸಾಸಿವೆಗಿಂತ ಸಣ್ಣ, ಮಾಸಲು ಬಣ್ಣದ, ಹಳೇ ಪುಸ್ತಕದಲ್ಲಿ ಓಡಾಡುವಂಥ ಹುಳ ಕಂಡರೆ ಅವು ಬಂದಿರುವುದು ಹುಲ್ಲು ತಿನ್ನಲಲ್ಲ, ಬೂಸ್ಟು ತಿನ್ನಲು. ಅವು ಇವೆ ಅಂದರೆ ತೇವ ಇದೆ. ಇಲಿ ಹಿಕ್ಕೆ, ಅಮೋನಿಯಾ ವಾಸನೆ ಇದ್ದರೆ ಆ ಕಟ್ಟು ಬಳಸಲೇಬೇಡಿ. ಇಲಿಜ್ವರ ನಮ್ಮ ಜಿಲ್ಲೆಗೆ ಹೊಸದಲ್ಲ, ಕೈಗೆ ಗಾಯವಿದ್ದರೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಇಲಿ ಇದ್ದಲ್ಲಿ ಅದರ ಹಿಂದೆ ಬರುವವರೂ ಇರುತ್ತಾರೆ. ಕೊಟ್ಟಿಗೆಯ ಅಟ್ಟದ ಹುಲ್ಲಿಗೆ ಕೈ ಹಾಕುವ ಮೊದಲು ಕೋಲಿನಿಂದ ಕದಲಿಸುವುದು ಹಳಬರ ಪದ್ಧತಿ, ಕೊಳಕು ಮಂಡಲ ಕಣ್ಣಿಗೆ ಸುಲಭಕ್ಕೆ ಕಾಣುವ ಹಾವಲ್ಲ.

ಬೆಟ್ಟದಿಂದ ನೀವೇ ಹುಲ್ಲು ತರುವವರಾದರೆ ಉಣುಗಿನ ವಿಷಯ ಹಗುರ ಮಾಡಬೇಡಿ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಸಿದ್ದಾಪುರದ ಕಡೆಗೂ ಬರುತ್ತಿರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಕಾಟ ಹೆಚ್ಚು. ತುಂಬುತೋಳಿನ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರಲ್ಲಿ ಸ್ನಾನ. ಹುಲ್ಲನ್ನು ಮನೆಯಿಂದ ದೂರ, ಕಟುಬಿಸಿಲಲ್ಲಿ ಎರಡು-ಮೂರು ದಿನ ಹರಡಿ ಆಮೇಲೆ ಒಳಗೆ ತನ್ನಿ. ಜ್ವರ ಬಂದರೆ ಡಾಕ್ಟರಿಗೆ ಬೆಟ್ಟಕ್ಕೆ ಹೋಗಿದ್ದು ಹೇಳಿ. ಮೊಲದ ಮೈಮೇಲೆ ಉಣುಗು ಕಂಡರೆ ನಾಯಿಗೆ ತಂದ ಫಿಪ್ರೊನಿಲ್ ಹನಿ ಹಾಕಬೇಡಿ, ಮೊಲಕ್ಕೆ ಅದು ವಿಷ.

ಹುಲ್ಲಿನ ಮೇಲೆ ನೀಲಿ-ಬಿಳಿ ಚುಕ್ಕೆ

ಇದು ಅಡಿಕೆ ಸೀಮೆಯ ವಿಶೇಷ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಗೊನೆಗೆ ಬೋರ್ಡೋ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಲವಣ), 1 ಕೆ.ಜಿ. ಸುಣ್ಣ. ಗೊನೆಗೆ ಹೊಡೆದದ್ದರಲ್ಲಿ ಒಂದಷ್ಟು ಕೆಳಗಿನ ಹುಲ್ಲಿಗೂ ಬೀಳುತ್ತದೆ. ಬೂಸ್ಟೆಂದು ತಪ್ಪು ತಿಳಿಯುವುದೂ ಉಂಟು. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದರೆ ತಿಳಿನೀಲಿ ಬಣ್ಣ ಹಿಡಿಯುತ್ತದೆ. ತಾಮ್ರ ಹೊಟ್ಟೆಗೆ ಹೋಗುವುದು ಒಳ್ಳೆಯದಲ್ಲ. ತೋಟದ ಹುಲ್ಲು ಕೊಡುವವರನ್ನು ಮದ್ದು ಹೊಡೆದು ಎಷ್ಟು ದಿನವಾಯಿತು ಅಂತ ಕೇಳಿ. ಚುಕ್ಕೆ ಕಂಡರೆ ಕೇಳುವುದೂ ಬೇಡ, ಬಿಟ್ಟುಬಿಡಿ. ಹೆದ್ದಾರಿ ಬದಿಯ ಹುಲ್ಲಿಗೂ ಇದೇ ಮಾತು.

ಕಟ್ಟಿನ ಒಳಗೆ ಕೈ ಹಾಕಿದರೆ ಬಿಸಿ

ಒಂದೆರಡು ಕೆ.ಜಿ. ಇಡುವ ಮನೆಯಲ್ಲಿ ಇದು ಅಪರೂಪ. ದನಕ್ಕೂ ಮೊಲಕ್ಕೂ ಸೇರಿಸಿ ಅಟ್ಟ ತುಂಬಿಸುವವರು ಮಾತ್ರ ಹೊಸ ಹುಲ್ಲು ಒಟ್ಟಿದ ಮೊದಲ ಎರಡು-ಮೂರು ವಾರ ಗಮನ ಇಡಿ. ಒಂದು ಕಬ್ಬಿಣದ ಸರಳು ನಡುವಿಗೆ ಚುಚ್ಚಿ, ಅರ್ಧ ಗಂಟೆ ಬಿಟ್ಟು ತೆಗೆದು ಮುಟ್ಟಿ. ಬೆಚ್ಚಗಿದ್ದರೆ ಹೊರಗೆ ಹರಡಿ ಒಣಗಿಸಿ. ಹಿಡಿಯಲಾಗದಷ್ಟು ಸುಟ್ಟರೆ, ಆವಿ ಏಳುತ್ತಿದ್ದರೆ, ಸುಟ್ಟ ವಾಸನೆ ಬಂದರೆ ನೀವು ಕಟ್ಟು ಬಿಚ್ಚಬೇಡಿ. ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳಬಹುದು. ಜನ, ಜಾನುವಾರು ಹೊರಗೆ, 112ಕ್ಕೆ ಫೋನ್.

ಕೆಟ್ಟ ಹುಲ್ಲನ್ನು ಏನು ಮಾಡುವುದು

ದನಕ್ಕೆ ಹಾಕಿಬಿಡೋಣ ಅನ್ನಿಸುತ್ತದೆ. ಬೇಡ, ಬೂಸ್ಟು ಹುಲ್ಲು ದನ-ಎಮ್ಮೆಗೂ ಕಾಯಿಲೆ ತರುತ್ತದೆ. ಒಣಗಿದ್ದಾಗ ಜಾಡಿಸಿದರೆ ಬೀಜಕಣ ಮನೆಯೆಲ್ಲ ಹಾರುತ್ತದೆ. ಚೀಲದ ಸಮೇತ ಹೊರಗೊಯ್ದು, ಮೊದಲು ನೀರು ಹೊಯ್ದು ನೆನೆಸಿ, ಆಮೇಲೆ ಬಿಚ್ಚಿ ಗೊಬ್ಬರಗುಂಡಿಗೋ ಮರದ ಬುಡಕ್ಕೋ ಹಾಕಿ. ಡ್ರಮ್ಮನ್ನು ಸೋಪು ನೀರಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿ ಒಣಗಿಸಿ, ಆಮೇಲಷ್ಟೇ ಹೊಸ ಹುಲ್ಲು. ನಮ್ಮಲ್ಲಿ ಆ ವರ್ಷದ ಎರಡೂ ಚೀಲ ತೆಂಗಿನ ಬುಡಕ್ಕೆ ಹೋದವು. ಬೆಳ್ಳಿ ಶ್ರಾವಣದವರೆಗೆ ಗರಿಕೆ, ತೊಳೆದ ಗಿನಿ ಹುಲ್ಲಿನ ಎಲೆ ತಿಂದು ಕಳೆದಳು. ದಿನಾ ಬೆಳಿಗ್ಗೆ ಕೊಡೆ ಹಿಡಿದು ಹುಲ್ಲು ಕೊಯ್ಯುವ ಕೆಲಸ ನನ್ನದಾಯಿತು.